ಮಸಿ ಕಳೆದ ತೂಕ

ಕೊಟ್ಟೂರಿನ ಬಜಾರದಲ್ಲಿ ಗುರುಸಂಗಪ್ಪನವರ ಪಾತ್ರೆ ಅಂಗಡಿಗೆ ಎರಡು ಕಾರಣಕ್ಕೆ ಹೆಸರಿತ್ತು. ಒಂದು, ಅಲ್ಲಿ ಮಾರುವ ಸಾಮಾನು ಗಟ್ಟಿ. ಇನ್ನೊಂದು, ಯಜಮಾನರ ಕೈ ಅದಕ್ಕಿಂತ ಗಟ್ಟಿ. ಹಳೆಯ ತಾಮ್ರ, ಹಿತ್ತಾಳೆ ತಂದವರಿಗೆ ತೂಕ ಹಾಕಿ ಹೊಸ ಸ್ಟೀಲು ಕೊಡುವುದು ಅವರ ಮುಖ್ಯ ವ್ಯಾಪಾರ. ಹಳೆಯದು ತಕ್ಕಡಿಗೆ ಬಿದ್ದೊಡನೆ ಅವರ ಬಾಯಿಂದ ಒಂದು ಮಾತು ಬಂದೇ ಬರುತ್ತಿತ್ತು: “ಮಸಿ ಕಳಿ.” ತಳಕ್ಕೆ ಹತ್ತಿದ ಮಸಿ, ಒಳಗಿನ ಕಿಲುಬು, ಬೆಸುಗೆ ಇವು ಯಾವುವೂ ತಾಮ್ರವಲ್ಲ, ಹಾಗಾಗಿ ತೂಕದಲ್ಲಿ ಕಳೆಯಬೇಕು. ಎಷ್ಟು ಕಳೆಯಬೇಕು ಎನ್ನುವುದು ಅವರ ಕಣ್ಣಳತೆ. ಪಾತ್ರೆಯನ್ನು ಬೆಳಗಿ ಫಳಫಳ ಹೊಳೆಸಿ ತಂದ ಹೆಂಗಸರಿಗೂ ಮಸಿ ಕಳೆದೇ ಕೊಡುತ್ತಿದ್ದರು. “ಕಣ್ಣಿಗಿ ಕಾಣಂಗಿಲ್ಲಬೇ, ಒಳಗ ಕುಡದಿರ್ತೈತಿ” ಅನ್ನುತ್ತಿದ್ದರು. ತಾಮ್ರ ಮಸಿ ಕುಡಿಯುತ್ತದೆ ಎಂಬ ಸಂಗತಿ ಊರಿಗೆ ತಿಳಿದದ್ದೇ ಅವರಿಂದ.

ಕೆಟ್ಟವರೇನಲ್ಲ. ಲಿಂಗಪೂಜೆ ಮಾಡದೆ ಚಹಾ ಕುಡಿಯುತ್ತಿರಲಿಲ್ಲ, ಮನೆಗೆ ಬಂದ ಅಯ್ಯನವರನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ತಕ್ಕಡಿ ಕಂಡರೆ ಮಾತ್ರ ಅವರ ಬುದ್ಧಿ ತಾನಾಗಿಯೇ ಒಂದು ಕಡೆ ವಾಲುತ್ತಿತ್ತು. ಆಯುಷ್ಯವೆಲ್ಲ ಒಂದೇ ಕೆಲಸ ಮಾಡಿದವರಿಗೆ ಹೀಗಾಗುತ್ತದೆ. ಬಸ್ಸಿನ ಕಂಡಕ್ಟರು ಊಟಕ್ಕೆ ಕೂತ ಪಂಕ್ತಿಯಲ್ಲೂ ಒಳಗೆ ಸರೀರಿ ಅನ್ನುವುದಿಲ್ಲವೇ, ಹಾಗೆ.

ಅವರ ಹೆಂಡತಿ ನಾಗಲಿಂಗಮ್ಮ ನೀಲಗುಂದದವರು. ಮದುವೆಯಾಗಿ ಬರುವಾಗ ಅವರ ಜೊತೆ ತಾಮ್ರದ ಹಂಡೆಯೊಂದು ಬಂದಿತ್ತು. ನಮ್ಮ ಕಡೆ ಹೆಣ್ಣಿನ ಹಿಂದೆ ಹಂಡೆ ಬರುವುದು ದೊಡ್ಡ ಮಾತಲ್ಲ, ಎಲ್ಲರಿಗೂ ಬರುತ್ತದೆ. ಇದು ಮಾತ್ರ ಇಬ್ಬರು ಹೊರಬೇಕಾದ ಹಂಡೆ. ಮೂವತ್ತು ವರ್ಷ ದಿನಾ ಬೆಳಗ್ಗೆ ಬಚ್ಚಲೊಲೆಯಲ್ಲಿ ಅದರ ಕೆಳಗೆ ಉರಿ ಹಾಕಿದವರು ನಾಗಲಿಂಗಮ್ಮ. ಜಾಲಿ ಕಟ್ಟಿಗೆ, ತೊಗರಿ ಕಟ್ಟಿಗೆ, ಎಣ್ಣೆ ಗಿರಣಿಯಿಂದ ಬರುತ್ತಿದ್ದ ಶೇಂಗಾ ಹೊಟ್ಟು. ಹೊಟ್ಟು ಅಗ್ಗವೆಂದು ಯಜಮಾನರು ಅದನ್ನೇ ಹೆಚ್ಚು ತರಿಸುತ್ತಿದ್ದರು. ಅದು ಉರಿಯುವುದು ಕಡಿಮೆ, ಹೊಗೆಯಾಡುವುದು ಹೆಚ್ಚು. ಊದುಗೊಳವೆಯಿಂದ ಊದಿ ಊದಿ ನಾಗಲಿಂಗಮ್ಮನವರ ಕಣ್ಣಂಚು ಯಾವಾಗಲೂ ಕೆಂಪಗೇ ಇರುತ್ತಿತ್ತು.

ವರ್ಷಕ್ಕೊಂದು ದಿನ ಮಾತ್ರ ಆ ಹಂಡೆಗೆ ರಾಜಮರ್ಯಾದೆ. ದೀಪಾವಳಿಯ ಮೊದಲಿನ ನೀರು ತುಂಬುವ ಹಬ್ಬದಂದು ಅದನ್ನು ಒಲೆಯಿಂದ ಇಳಿಸಿ, ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಕಟ್ಟಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಮರುದಿನ ಮನೆಮಂದಿಗೆಲ್ಲ ಆ ನೀರಿನಲ್ಲೇ ಎಣ್ಣೆಸ್ನಾನ. ಹಬ್ಬದಲ್ಲಿ ದೇವರ ಕೋಣೆ ಗಂಡಸರದಾದರೆ ಬಚ್ಚಲು ಹೆಂಗಸರದು. ನಾಗಲಿಂಗಮ್ಮ ಒಂದು ವರ್ಷವೂ ಇದನ್ನು ತಪ್ಪಿಸಿದವರಲ್ಲ.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಮಗ ಬಸವೇಶನ ಮದುವೆಯಾಯಿತು. ಹುಡುಗಿ ಹರಪನಹಳ್ಳಿಯ ಅಮೃತಾ. ಅವಳ ತಂದೆ ಬೇಗ ತೀರಿಕೊಂಡಿದ್ದರು. ತಾಯಿ ಉಚ್ಚಂಗೆಮ್ಮ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸಿ, ರೊಟ್ಟಿ ಬಡಿದೇ ಮಗಳನ್ನು ಡಿಗ್ರಿ ಓದಿಸಿದ್ದರು. ಮದುವೆಯಲ್ಲಿ ಕೊಟ್ಟ ಸಾಮಾನುಗಳನ್ನು ಚಪ್ಪರದಲ್ಲಿ ಸಾಲಾಗಿ ಇಟ್ಟಾಗ ಎಲ್ಲರ ಕಣ್ಣಿಗೆ ಬಿದ್ದದ್ದು ಒಂದು ಬಿಳಿಯ ಗೀಜರ್. ಕೊಟ್ಟೂರಿನಲ್ಲಿ ಆಗ ಗೀಜರ್ ಇದ್ದ ಮನೆಗಳು ಕಡಿಮೆ. ಅದೇನು ಗ್ಯಾಸಿನ ಸಿಲಿಂಡರೋ ಎಂದು ಕೇಳಿದವರೂ ಇದ್ದರು.

ಉಚ್ಚಂಗೆಮ್ಮ ಅದರ ಮೇಲೆ ಕೈಯಿಟ್ಟು ಬೀಗರ ಮುಂದೆ ಹೇಳಿದ್ದರು, “ನನ್ನ ಮಗಳು ಹುಟ್ಟಿದಾಗಿಂದ ನನ್ನ ಜೊತಿ ಹೊಗಿ ಕುಡದಾಳ್ರಿ. ಅತ್ತಿಮನ್ಯಾಗಾದ್ರೂ ಕಣ್ಣು ಬಿಟ್ಕಂಡು ಜಳಕ ಮಾಡ್ಲಿ.”

ಗೀಜರ್ ಬಂದ ಮೇಲೆ ಬಚ್ಚಲೊಲೆ ಯಾಕೆ? ಗುರುಸಂಗಪ್ಪನವರು ಒಲೆ ಒಡೆಸಿ, ಗೋಡೆಗೆ ಟೈಲ್ಸ್ ಹಾಕಿಸಿ, ಗೀಜರನ್ನು ತೂಗುಹಾಕಿಸಿದರು. ಒಲೆ ಇಲ್ಲದ ಮೇಲೆ ಹಂಡೆ ಯಾಕೆ? ಅಂಗಳದಲ್ಲಿ ಮೂರುಕಾಲಿನ ತಕ್ಕಡಿ ನಿಂತಿತು. ಹಂಡೆಯನ್ನು ಹೊರಗೆ ತರುವ ಮುಂಚೆ ನಾಗಲಿಂಗಮ್ಮ, ಸ್ವಲ್ಪ ತಡೆಯಿರಿ ಎಂದು ಹೇಳಿ, ಅದನ್ನು ಒಳಗೂ ಹೊರಗೂ ಹುಣಸೆಹಣ್ಣು ಹಾಕಿ ತಿಕ್ಕಿದರು. ತಳದ ಮಸಿಯನ್ನು ಇಟ್ಟಿಗೆ ಪುಡಿಯಲ್ಲಿ ಉಜ್ಜಿ ಉಜ್ಜಿ ತೆಗೆದರು. ಮನೆಯಿಂದ ಕಳಿಸುವಾಗ ಹೊಲಸಾಗಿರಬಾರದು ಎಂಬುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು.

ಅಂಗಡಿಯ ಆಳು ಗಾದೆಪ್ಪ ತೂಕದ ಕಲ್ಲು ಇಟ್ಟ. ಮುಳ್ಳು ನಿಂತಿತು. ಗುರುಸಂಗಪ್ಪನವರು ಅಭ್ಯಾಸಬಲದಿಂದ ಅಂದರು, “ಮಸಿ ಕಳಿ.”

“ಯಜಮಾನ್ರ, ಯಾರಿಗಿ ಕಳಿಯಾದು? ಹಂಡೆ ನಿಮ್ಮದ ಐತಲ್ರಿ!” ಅಂದ ಗಾದೆಪ್ಪ.

ಗುರುಸಂಗಪ್ಪನವರೂ ನಕ್ಕರು, ಬಸವೇಶನೂ ನಕ್ಕ, ಹೊಸ ಸೊಸೆ ಅಮೃತಾ ಕೂಡ ಸೆರಗು ಅಡ್ಡ ಹಿಡಿದು ನಕ್ಕಳು. ನಗುವಂಥ ಮಾತೇ ಅದು. ಬಾಗಿಲಲ್ಲಿ ನಿಂತಿದ್ದ ನಾಗಲಿಂಗಮ್ಮ ಮಾತ್ರ ನಗಲಿಲ್ಲ. ಹುಣಸೆಹುಳಿಗೆ ಬೆರಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದವು.

“ಎಲ್ಲಿಗಿ ಹೋಗ್ತೈತ್ರಿ?” ಎಂದು ಅಷ್ಟೇ ಕೇಳಿದರು.

“ಹುಬ್ಬಳ್ಳಿಗಿ. ಕರಗಸ್ತಾರ.”

ಅವರು ಒಳಗೆ ಹೋದರು. ಆ ವಿಷಯ ಅಲ್ಲಿಗೆ ಮುಗಿಯಿತು ಎಂದು ಮನೆಯವರೆಲ್ಲ ತಿಳಿದರು. ಮಾತಾಡದೇ ಇರುವುದನ್ನು ಒಪ್ಪಿಗೆ ಅಂತ ಲೆಕ್ಕ ಹಿಡಿಯುವ ರೂಢಿ ಎಲ್ಲ ಮನೆಗಳಲ್ಲೂ ಇದೆ, ಅದರಲ್ಲೂ ವ್ಯಾಪಾರಸ್ಥರ ಮನೆಯಲ್ಲಿ.

ಅಮೃತಾಗೆ ಮಾತ್ರ ಅತ್ತೆಯ ಮೌನದ ಬಗ್ಗೆ ಬೇರೆಯೇ ಅನುಮಾನ. ತನ್ನ ಗೀಜರ್ ಬಂದು ಅವರ ಹಂಡೆಯನ್ನು ಹೊರಗೆ ಹಾಕಿತಲ್ಲ, ಆ ಸಿಟ್ಟು ಇರದೇ ಇರುತ್ತದೆಯೇ? ಅತ್ತೆ ಬಚ್ಚಲಿಗೆ ಹೋದಾಗಲೆಲ್ಲ ಒಂದು ಗಳಿಗೆ ನಿಂತು ಗೀಜರನ್ನು ನೋಡುವುದನ್ನು ಅವಳು ಕಂಡಿದ್ದಳು. ಒಂದು ಸಲ ಅದರ ಹೊಟ್ಟೆಯ ಮೇಲೆ ಕೈ ಆಡಿಸುವುದನ್ನೂ ಕಂಡಿದ್ದಳು. ದೀಪಾವಳಿಗೆ ಅವಳೂ ಬಸವೇಶನೂ ಹರಪನಹಳ್ಳಿಗೆ ಹೋಗಿದ್ದರು. ಮೊದಲ ವರ್ಷದ ಹಬ್ಬಕ್ಕೆ ಮಗಳು ಅಳಿಯ ಹೋಗಲೇಬೇಕಲ್ಲ. ಮಾವ ಅಂಗಡಿಯ ಹಬ್ಬದ ವ್ಯಾಪಾರದಲ್ಲಿ ಮುಳುಗಿದ್ದರು. ಮನೆಯಲ್ಲಿ ಉಳಿದವರು ಅತ್ತೆ ಒಬ್ಬರೇ. ಹಬ್ಬ ಮುಗಿಸಿ ಬಂದಾಗ ಬಚ್ಚಲಿನಲ್ಲಿ ದೇವರ ಕೋಣೆಯ ಎತ್ತರದ ಮಣೆಯಿತ್ತು. ಇದು ಇಲ್ಲಿಗೆ ಯಾಕೆ ಬಂತು ಎಂದು ಅಮೃತಾ ಕೇಳಿದ್ದಕ್ಕೆ, “ಜಾಡ ತೆಗದ್ನೆವ್ವ” ಎಂದು ಅತ್ತೆ ಬೇರೆ ಕಡೆ ನೋಡಿದ್ದರು. ಟೈಲ್ಸ್ ಹಾಕಿದ ಗೋಡೆಯಲ್ಲಿ ಜೇಡ ಬಲೆ ಕಟ್ಟುವುದು ಅಪರೂಪ.

ಸಂಕ್ರಾಂತಿ ಮುಗಿದು ಚಳಿ ಇನ್ನೂ ಬಿಟ್ಟಿರಲಿಲ್ಲ. ಒಂದು ಬೆಳಗ್ಗೆ ಬಚ್ಚಲಿನಿಂದ ಬಸವೇಶ ಕೂಗಿಕೊಂಡು ಹೊರಗೆ ಬಂದ. ಸೊಂಟಕ್ಕೆ ಟವೆಲು, ತಲೆತುಂಬ ಸೋಪಿನ ನೊರೆ. ನಲ್ಲಿ ಮುಟ್ಟಿದರೆ ಕೈ ಜುಂ ಎಂದಿತಂತೆ. ಗುರುಸಂಗಪ್ಪನವರು ನಂಬದೆ ತಾವೂ ಹೋಗಿ ಮುಟ್ಟಿದರು. ನಂಬಿ ಬಂದರು.

ಓಣಿಯ ವೈರಿಂಗ್ ಮಾಡುವವನು ಬಂದು ನೋಡಿ, ಇದು ಕಂಪನಿ ಸಾಮಾನು, ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ, ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್ ವೆಂಕಟೇಶನೇ ಬರಬೇಕು ಅಂದ. ಫೋನ್ ಮಾಡಿದರೆ ವೆಂಕಟೇಶ, ಕೈ ತುಂಬ ಕೆಲಸವಿದೆ, ಸೋಮವಾರ ಬರುತ್ತೇನೆ ಅಂದ. ಅಲ್ಲಿಯ ತನಕ ಅಡುಗೆ ಮನೆಯ ಗ್ಯಾಸಿನ ಮೇಲೆ ಬೋಗುಣಿಯಲ್ಲಿ ನೀರು ಕಾಯತೊಡಗಿತು. ಸಿಲಿಂಡರ್ ಖಾಲಿಯಾಗುವ ಸದ್ದು ಗುರುಸಂಗಪ್ಪನವರಿಗೆ ಅಂಗಡಿಯಲ್ಲಿ ಕೂತರೂ ಕೇಳಿಸುತ್ತಿತ್ತು.

ಊಟಕ್ಕೆ ಕೂತಾಗ ಅವರು ತಮ್ಮ ತೀರ್ಮಾನ ಹೇಳಿದರು. “ಗ್ಯಾರಂಟಿ ನಡದ್ರ ಚಲೋ ಆತು. ನಡೀಲಿಲ್ಲಂದ್ರ ಹರಪನಹಳ್ಳಿಗಿ ಒಂದು ಫೋನ್ ಹಾಕಿದ್ರಾತು. ವರ್ಷ ತುಂಬಾ ತನಕ ತವರಿನ ಸಾಮಾನಿಗಿ ತವರಿನವರದ ಜವಾಬ್ದಾರಿ. ಹಿರ್ಯಾರು ಮಾಡಿಟ್ಟ ಪದ್ಧತಿ ಅದು.”

ಆ ಹಿರಿಯರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅವರ ಅಂಗಡಿಯಲ್ಲಿ ಕೊಂಡ ಕೊಡ ವಾರದಲ್ಲಿ ಸೋರಿದರೂ, “ನೀವು ನೆಲಕ್ಕ ಕುಕ್ಕೀರಿ” ಎಂದು ವಾಪಸು ಕಳಿಸುವ ಪದ್ಧತಿಯನ್ನು ಮಾಡಿಟ್ಟ ಹಿರಿಯರೂ ಬಹುಶಃ ಅವರೇ ಇರಬೇಕು.

ಅಮೃತಾಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಫೋನ್ ಹೋದರೆ ಏನಾಗುತ್ತದೆ ಎಂದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಅವ್ವ ಒಂದು ಮಾತೂ ಎದುರಾಡುವುದಿಲ್ಲ. ಒಲೆಯನ್ನು ಆಳುಗಳಿಗೆ ಬಿಟ್ಟು, ಹಿಟ್ಟಿನ ಕೈ ತೊಳೆದು, ಸೆರಗಿನ ತುದಿಗೆ ರೊಕ್ಕ ಕಟ್ಟಿಕೊಂಡು ಮೊದಲ ಬಸ್ಸಿಗೆ ಬರುತ್ತಾಳೆ. ಪಡಸಾಲೆಯಲ್ಲಿ ನಿಂತು ಗಂಟು ಬಿಚ್ಚುತ್ತಾಳೆ. ಮಾವ ಎಣಿಸಿಕೊಳ್ಳುತ್ತಾರೆ, ಎಣಿಸಿದ ಮೇಲೆ “ಇದೆಲ್ಲ ಯಾಕ ಬೇಕಿತ್ರಿ” ಅನ್ನುತ್ತಾರೆ. ಗಂಡಸಿಲ್ಲದ ಮನೆ, ಆದರೂ ಯಾರ ಮುಂದೂ ತಲೆ ತಗ್ಗಿಸಿಲ್ಲ ಎಂದು ಹರಪನಹಳ್ಳಿ ಬಜಾರದಲ್ಲಿ ಅವ್ವನಿಗೆ ಹೆಸರು. ಮಗಳ ಕಣ್ಣಿಗೆ ಹೊಗೆ ತಾಗದಿರಲಿ ಎಂದು ಕೊಟ್ಟ ವಸ್ತುವಿಗಾಗಿ ಅವಳು ತಲೆ ತಗ್ಗಿಸಬೇಕೇ? ಅದನ್ನು ನೋಡುವುದಕ್ಕಿಂತ ಜೀವನವೆಲ್ಲ ತಣ್ಣೀರು ಹೊಯ್ದುಕೊಂಡಾದರೂ ಇದ್ದೇನು ಅನ್ನಿಸಿತು ಅಮೃತಾಗೆ.

ರಾತ್ರಿ ಗಂಡನಿಗೆ ಹೇಳಿದಳು. “ನೀವು ಮಾವರಿಗಿ ಒಂದ್ ಮಾತು ಹೇಳ್ರಿ. ಅವ್ವಗ ಫೋನ್ ಮಾಡದು ಬ್ಯಾಡ.”

“ಅಪ್ಪಾರ ಮುಂದ ನಾ ಏನ್ ಹೇಳ್ಲಿ?” ಅಂದ ಬಸವೇಶ. “ನೋಡಣು, ಗ್ಯಾರಂಟಿ ನಡದ್ರೂ ನಡೀತೈತಿ.”

ಬಸವೇಶ ಒಳ್ಳೆಯ ಹುಡುಗ. ಅಪ್ಪನ ಅಂಗಡಿಯಲ್ಲೇ ಕೂರುತ್ತಿದ್ದ. ಮದುವೆಯಾಗಿ ಇಷ್ಟು ದಿನವಾದರೂ ಸಿನಿಮಾಕ್ಕೆ ಹೋಗಬೇಕಾದರೆ ಅಪ್ಪನ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಅವನಿಂದ ಇದಕ್ಕಿಂತ ಹೆಚ್ಚು ಬಯಸುವುದು ತಪ್ಪು.

ಗೋಡೆಯ ಕಡೆ ತಿರುಗಿ ಮಲಗಿದ ಅಮೃತಾಗೆ ಎತ್ತರದ ಮಣೆ ನೆನಪಾಯಿತು. ಅತ್ತೆಯೇ ಏನೋ ಮಾಡಿದ್ದಾರೆ. ಹಂಡೆ ಹೋದ ಸಿಟ್ಟನ್ನು ಗೀಜರಿನ ಮೇಲೆ ತೀರಿಸಿಕೊಂಡಿದ್ದಾರೆ. ಹಾಗೆ ಅಂದುಕೊಂಡಳು, ಅಂದುಕೊಂಡದ್ದಕ್ಕೆ ನಾಚಿಕೆಯೂ ಪಟ್ಟಳು. ಅನುಮಾನ ಮಾತ್ರ ಹೋಗಲಿಲ್ಲ.

ಸೋಮವಾರ ವೆಂಕಟೇಶ ಬಂದ. ಹೆಗಲಿಗೆ ಚೀಲ, ಜೇಬಿನಲ್ಲಿ ಟೆಸ್ಟರು, ಬಾಯಿತುಂಬ ಮಾತು. ಬಂದವನೇ ಕಾನಹೊಸಹಳ್ಳಿಯಲ್ಲಿ ಯಾರದೋ ಮನೆಯ ಗೀಜರಿನಿಂದ ಸೇರುಗಟ್ಟಲೆ ಸುಣ್ಣದ ಹಳಕು ತೆಗೆದ ಕಥೆ ಹೇಳಿದ, ನಮ್ಮ ಬೋರಿನ ನೀರು ಗೀಜರಿಗೆ ಯಮ ಅಂದ, ಚಹಾ ಕುಡಿದ. ಆಮೇಲೆ ಮೇನ್ ಸ್ವಿಚ್ ಆರಿಸಿ, ಗೀಜರನ್ನು ಗೋಡೆಯಿಂದ ಇಳಿಸಿ, ಬೆಳಕಿಗೆಂದು ಪಡಸಾಲೆಗೆ ತಂದು ಗೋಣಿಚೀಲದ ಮೇಲೆ ಮಲಗಿಸಿದ. ಗುರುಸಂಗಪ್ಪನವರು ಗ್ಯಾರಂಟಿ ಕಾರ್ಡು ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಬಸವೇಶ ಪಕ್ಕದಲ್ಲಿ ನಿಂತಿದ್ದ. ಅಮೃತಾ ಕಂಬದ ಹತ್ತಿರ, ನಾಗಲಿಂಗಮ್ಮ ಅಡುಗೆ ಮನೆಯ ಬಾಗಿಲಲ್ಲಿ.

ಗೀಜರನ್ನು ಮಗ್ಗುಲಾಗಿಸಿದಾಗ ಅದರ ಬೆನ್ನಿನ ಪಟ್ಟಿಯ ಸಂದಿಯಿಂದ ಏನೋ ಜಾರಿ ಬಿತ್ತು. ಒಣಗಿದ ಬಳ್ಳಿಯ ತುಂಡು. ಅದರ ತುದಿಗೆ ಸುಕ್ಕಾದ ಪುಟ್ಟದೊಂದು ಕಾಯಿ.

“ಇದೇನ್ರಿ ಇದು?” ಅಂದ ವೆಂಕಟೇಶ. ಅವನು ವೈರುಗಳಿದ್ದ ಮುಚ್ಚಳ ಬಿಚ್ಚಿದ. ಒಳಗೆ ವೈರಿನ ತುದಿಗಳೆಲ್ಲ ಹಸಿರು ಕಿಲುಬು ಹಿಡಿದು ತಿಂದುಹೋಗಿದ್ದವು. ಮೂಲೆಯಲ್ಲಿ ಕಂದು ಬಣ್ಣದ ನಾರು ಅಂಟಿತ್ತು. ಅವನು ಅದನ್ನು ಸ್ಕ್ರೂಡ್ರೈವರಿನ ತುದಿಯಿಂದ ತೆಗೆದು ಮೂಗಿನ ಹತ್ತಿರ ಹಿಡಿದ, ಆಮೇಲೆ ಗೀಜರಿನ ಬೆನ್ನು ತಿರುಗಿಸಿ ನೋಡಿದ. ಗೋಡೆಯ ಕಡೆಗಿದ್ದ ಭಾಗದಲ್ಲಿ ಸುಣ್ಣದ ಒಂದು ಪಟ್ಟೆ, ಕೆಮ್ಮಣ್ಣಿನ ಒಂದು ಪಟ್ಟೆ ಅಳಿಸದೆ ಉಳಿದಿದ್ದವು. ಮುಂಭಾಗವನ್ನು ಒರೆಸಿದ ಕೈಗೆ ಅದು ಎಟುಕಿರಲಿಲ್ಲ.

ವೆಂಕಟೇಶನಿಗೆ ನಗು ತಡೆಯಲಾಗಲಿಲ್ಲ. “ಸಾವ್ಕಾರ್ರ, ನಿಮ್ಮ ಗೀಜರಿಗಿ ಯಾರೋ ಹುಣಸಿಹಣ್ಣು ಉಪ್ಪು ಹಾಕಿ ಜಳಕ ಮಾಡಿಸ್ಯಾರ! ಮ್ಯಾಲಿಂದ ಕೊಡಗಟ್ಲೆ ನೀರು ಸುರುವ್ಯಾರ. ಉಪ್ಪಿನ ನೀರು ಒಳಗಿಳದು ಎಲ್ಲಾ ತಿಂದ್ಬಿಟ್ಟೈತಿ. ಹೊರಗಿನ ನೀರು ಬಿದ್ರ ಕಂಪನಿ ಗ್ಯಾರಂಟಿ ಕೊಡಂಗಿಲ್ರಿ. ಕಾಯಿಲು, ಥರ್ಮೋಸ್ಟ್ಯಾಟು, ವೈರಿಂಗು ಎಲ್ಲಾ ಹೊಸಾದು ಹಾಕಬೇಕು. ಸಾವಿರದ ನೂರು ಆಗ್ತೈತಿ.”

ಅಮೃತಾ ಬಳ್ಳಿಯನ್ನು ನೋಡುತ್ತಿದ್ದಳು. ಹಿಂಡಲಕಾಯಿ. ಅವಳ ಅವ್ವ ಖಾನಾವಳಿಯ ಹಂಡೆಗೆ ಪ್ರತಿ ವರ್ಷ ಕಟ್ಟುವುದೂ ಅದೇ. ಮನಸ್ಸಿನಲ್ಲಿ ಸಿಟ್ಟಿದ್ದವರು ಯಾರೂ ಹಿಂಡಲಕಾಯಿಯ ಬಳ್ಳಿ ಕಟ್ಟುವುದಿಲ್ಲ.

“ನಾನ” ಅಂದರು ನಾಗಲಿಂಗಮ್ಮ. ಎಲ್ಲರೂ ತಿರುಗಿದರು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. “ನೀರು ತುಂಬೋ ಹಬ್ಬದ ದಿನ. ಮನ್ಯಾಗ ಹಂಡೆ ಇಲ್ಲ. ಎದಕ್ಕ ಬಳ್ಳಿ ಕಟ್ಲಿ, ಎದಕ್ಕ ಪೂಜಿ ಮಾಡ್ಲಿ? ನಿಂತು ನೋಡಿದ್ನಿ. ಇದೂ ನೀರು ಕಾಸ್ತೈತಿ. ಇದೂ ತವರುಮನಿಂದ ಬಂದೈತಿ. ಇದೂ ಹಂಡೇನ ಅಲ್ಲೇನು ಅನ್ನಿಸ್ತು. ಸೊಸಿ ತವರಿಗಿ ಹೋದಾಗ ಆಕಿ ಸಾಮಾನು ಪೂಜಿ ಇಲ್ದಂಗ ಇರಬಾರದು ಅಂತ ಮಾಡಿದ್ನಿ. ಹಂಡೆ ತೊಳದಂಗ ತೊಳದ್ನಿ. ಹಾಳಾಗ್ತೈತಿ ಅಂತ ಗೊತ್ತಿರ್ಲಿಲ್ಲ.”

“ಮತ್ತ ಇಷ್ಟ್ ದಿನ ಹೇಳಾಕೇನಾಗಿತ್ತು ನಿನಗ?” ಅಂದರು ಗುರುಸಂಗಪ್ಪನವರು.

“ನಗ್ತೀರಿ ಅಂತ.”

ವೆಂಕಟೇಶ ನಗುವುದನ್ನು ಅಲ್ಲಿಗೇ ನಿಲ್ಲಿಸಿ ಚೀಲದಲ್ಲಿ ಏನೋ ಹುಡುಕತೊಡಗಿದ.

ಗುರುಸಂಗಪ್ಪನವರು ಗ್ಯಾರಂಟಿ ಕಾರ್ಡನ್ನು ಮಡಿಸಿ ಜೇಬಿಗಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಸುಮ್ಮನಾಗುತ್ತಿದ್ದರು. ಆದರೆ ಸಾವಿರದ ನೂರು ಎಂಬ ಮಾತು ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತಿತ್ತು. ಅವರ ತಲೆ ಅಂಗಡಿಯ ದಾರಿಯನ್ನೇ ಹಿಡಿಯಿತು. “ಆಗಿದ್ದು ಆತು. ಆದ್ರೂ ನೋಡ್ರಿ, ಗಟ್ಟಿ ಸಾಮಾನು ಕೊಟ್ಟಿದ್ರ ಒಂದು ಕೊಡ ನೀರಿಗಿ ಇದು ಕೆಡತಿರ್ಲಿಲ್ಲ. ನೀರು ಕಾಸೋ ಸಾಮಾನು ನೀರು ತಡೀಲಿಲ್ಲಂದ್ರ ಅದೆಂಥ ಸಾಮಾನು? ಹರಪನಹಳ್ಳಿಯವರಿಗಿ ತಿಳಸೂದು ಧರ್ಮ.” ಎದ್ದು ಮೂಲೆಯ ಸ್ಟ್ಯಾಂಡಿನ ಮೇಲಿದ್ದ ಫೋನಿನ ರಿಸೀವರ್ ಎತ್ತಿದರು. ಖಾನಾವಳಿಯ ನಂಬರು ಅವರಿಗೆ ಬಾಯಿಪಾಠ. ಒಂದೊಂದೇ ಅಂಕೆ ಒತ್ತಿದರು. ಅತ್ತ ಕಡೆ ಗಂಟೆ ಬಾರಿಸುವುದು ಪಡಸಾಲೆಯಲ್ಲಿದ್ದವರಿಗೂ ಸಣ್ಣಗೆ ಕೇಳಿಸಿತು.

“ಮಾವರ, ಬ್ಯಾಡ್ರಿ” ಅಂದಳು ಅಮೃತಾ.

ನಾಗಲಿಂಗಮ್ಮ ಆ ಮನೆಗೆ ಫೋನ್ ಬಂದಾಗಿನಿಂದ ಅದನ್ನು ಒರೆಸಿದ್ದು ಬಿಟ್ಟರೆ ಮುಟ್ಟಿದವರಲ್ಲ. ಅವರು ಪಡಸಾಲೆ ದಾಟಿ ಬಂದು, ರಿಸೀವರ್ ಇಡುವ ಜಾಗದ ಗುಂಡಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದರು. ಗಂಟೆ ನಿಂತಿತು. ಗುರುಸಂಗಪ್ಪನವರು ರಿಸೀವರ್ ಕಿವಿಗೆ ಹಿಡಿದೇ ಹೆಂಡತಿಯ ಬೆರಳನ್ನು ನೋಡಿದರು.

“ನನ್ನ ಹಂಡೇದ ರೊಕ್ಕ ನಿಮ್ಮ ಹತ್ರ ಐತಲ್ರಿ” ಅಂದರು ನಾಗಲಿಂಗಮ್ಮ. ದನಿ ಏರಿಸಲಿಲ್ಲ. “ಅದು ನೀಲಗುಂದದ್ದು, ಹರಪನಹಳ್ಳೀದಲ್ಲ. ಕೆಡಸಿದಾಕಿ ನಾನು. ನನ್ನ ತವರಿನ ರೊಕ್ಕದಾಗ ಇದನ್ನ ರಿಪೇರಿ ಮಾಡಸ್ರಿ. ಆ ಹೆಣ್ಣುಮಗಳಿಗಿ ಫೋನ್ ಮಾಡಬ್ಯಾಡ್ರಿ.”

ಗುರುಸಂಗಪ್ಪನವರು ಏನೋ ಹೇಳಲು ಬಾಯಿ ತೆರೆದರು. ನಾಗಲಿಂಗಮ್ಮ ಅದಕ್ಕೆ ಜಾಗ ಕೊಡಲಿಲ್ಲ.

“ಮಸಿ ಕಳದ ಕೊಡ್ರಿ. ಮಸಿ ನಂದ. ಮೂವತ್ತು ವರ್ಷ ನಾನ ಊದಿದ್ದು.”

ಬಜಾರದಲ್ಲಿ ಯಾವ ಗಿರಾಕಿಯ ಮಾತಿಗೂ ಉತ್ತರವಿಲ್ಲದೆ ನಿಂತವರಲ್ಲ ಗುರುಸಂಗಪ್ಪನವರು. ಅಂಥವರು ಹೆಂಡತಿಯ ಮುಂದೆ ರಿಸೀವರ್ ಹಿಡಿದು, ಎಲ್ಲಿ ಇಡುವುದೆಂದು ತಿಳಿಯದವರಂತೆ ನಿಂತುಬಿಟ್ಟರು. ಅವರಿಗೆ ಆಗ ಹುಣಸೆಹುಳಿಗೆ ಸುಕ್ಕಾದ ಬೆರಳು ನೆನಪಾಯಿತೋ, ಗಾದೆಪ್ಪನ ನಗು ನೆನಪಾಯಿತೋ, ಅವರೇ ಹೇಳಬೇಕು. ಕೊನೆಗೆ ರಿಸೀವರ್ ಇಟ್ಟರು. ನಾಗಲಿಂಗಮ್ಮ ಬೆರಳು ತೆಗೆದರು. ಯಜಮಾನರು ಒಳಗೆ ಹೋಗಿ ತಿಜೋರಿ ತೆರೆದರು. ನೋಟುಗಳನ್ನು ಎರಡು ಸಲ ಎಣಿಸಿಯೇ ವೆಂಕಟೇಶನ ಕೈಗೆ ಕೊಟ್ಟರು. ಅದು ಹುಟ್ಟುಗುಣ, ಅದಕ್ಕೆ ಏನೂ ಮಾಡಲಾಗುವುದಿಲ್ಲ. ಏನನ್ನೂ ಕಳೆಯಲಿಲ್ಲ ಎನ್ನುವುದೇ ದೊಡ್ಡ ಮಾತು.

ಬೇಕಾದ ಸಾಮಾನೆಲ್ಲ ವೆಂಕಟೇಶನ ಚೀಲದಲ್ಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ತೂಗುಹಾಕುವ ಮುಂಚೆ ಅವನು ಬಟ್ಟೆ ಒದ್ದೆ ಮಾಡಿಕೊಂಡು ಗೀಜರಿನ ಬೆನ್ನಿನ ಸುಣ್ಣ ಕೆಮ್ಮಣ್ಣಿನ ಪಟ್ಟೆ ಒರೆಸಲು ಹೋದ.

“ಅದನ್ನ ಒರಸಬ್ಯಾಡ್ರಿ” ಅಂದಳು ಅಮೃತಾ.

“ಗ್ವಾಡಿ ಕಡಿಗಿ ಹೋಗ್ತೈತವಾ, ಯಾರಿಗೂ ಕಾಣಂಗಿಲ್ಲ.”

“ಕಾಣದಿದ್ರೂ ಇರ್ಲಿ.”

ಅವನು ಸಂಜೆಯ ಬಸ್ಸಿಗೆ ಹೋದ ಮೇಲೆ ಅಮೃತಾ ತಾನೇ ಹರಪನಹಳ್ಳಿಗೆ ಫೋನ್ ಮಾಡಿದಳು. ಕೇಳುವಂಥದ್ದು ಏನೂ ಉಳಿದಿರಲಿಲ್ಲ, ಹೇಳುವಂಥದ್ದು ಮಾತ್ರ ಇತ್ತು. ನಾಗಲಿಂಗಮ್ಮ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಗುರುಸಂಗಪ್ಪನವರು ಅಂದು ಅಂಗಡಿಗೆ ಹೋಗದೆ, ಮಡಿಸಿದ ಪೇಪರನ್ನೇ ಮತ್ತೆ ಮತ್ತೆ ಬಿಚ್ಚಿ ಓದುತ್ತಿದ್ದರು. ಅಮೃತಾ ಹುಣಸೆಹಣ್ಣಿನಿಂದ ಹಿಡಿದು ಹಿಂಡಲಕಾಯಿಯ ತನಕ ಎಲ್ಲ ಹೇಳಿದಳು. ಅವ್ವ ನಗುತ್ತಾಳೆ ಎಂದುಕೊಂಡಿದ್ದಳು. ಅತ್ತ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ನಿಮ್ಮತ್ತಿಗಿ ಕೊಡು ಫೋನು” ಅಂದರು ಉಚ್ಚಂಗೆಮ್ಮ.

ನಾಗಲಿಂಗಮ್ಮ ಬೇಡ ಬೇಡ ಅಂದರೂ ಅಮೃತಾ ರಿಸೀವರನ್ನು ಅವರ ಕಿವಿಗೆ ಹಿಡಿದಳು. ಅವರು ಗಾಬರಿಯಿಂದ ಅಕ್ಕಿಯ ಮೊರವನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಕೇಳಿದರು. ಅತ್ತಲಿಂದ ಒಂದೇ ಮಾತು ಬಂತು.

“ಅಕ್ಕಾರ, ಒದ್ದಿ ಕೈಲೆ ಕರೆಂಟಿನ ಸಾಮಾನು ಮುಟ್ಟೀರಲ್ರಿ. ನಿಮಗೇನೂ ಆಗ್ಲಿಲ್ಲಲ್ಲ?”

ಬೆಳಗಿನಿಂದ ಆ ಪಡಸಾಲೆಯಲ್ಲಿ ಗ್ಯಾರಂಟಿಯ ಮಾತಾಗಿತ್ತು, ಕಾಯಿಲಿನ ಮಾತಾಗಿತ್ತು, ಯಾರು ಕೊಡಬೇಕೆಂಬ ಮಾತಾಗಿತ್ತು. ಈ ಮಾತು ಮಾತ್ರ ಯಾರ ಬಾಯಲ್ಲೂ ಬಂದಿರಲಿಲ್ಲ. ಗಂಡನ ಬಾಯಲ್ಲಿ ಇಲ್ಲ, ಮಗನ ಬಾಯಲ್ಲಿ ಇಲ್ಲ. ರಿಸೀವರ್ ಹಿಡಿದಿದ್ದ ಸೊಸೆಗೂ ಅದು ಹೊಳೆದಿರಲಿಲ್ಲ, ಅವಳ ಮುಖ ಕೆಂಪಾಯಿತು.

“ಇಲ್ಲವ್ವ” ಅಂದರು ನಾಗಲಿಂಗಮ್ಮ. “ಏನೂ ಆಗ್ಲಿಲ್ಲ.” ಕಣ್ಣಿಂದ ಇಳಿದ ನೀರು ಅಕ್ಕಿಯ ಮೇಲೆ ಬಿತ್ತು. ಅವರಿಗೆ ಹೊಗೆಯಿಲ್ಲದೆ ಕಣ್ಣಲ್ಲಿ ನೀರು ಬಂದು ಬಹಳ ಕಾಲವಾಗಿತ್ತು.

ಫೋನ್ ಇಟ್ಟ ಮೇಲೆ ಗುರುಸಂಗಪ್ಪನವರು ಪೇಪರಿನ ಹಿಂದಿನಿಂದ ಕೇಳಿದರು, “ಯಾಕ, ಏನಂದ್ರು? ರೊಕ್ಕದ್ದೇನರ ಮಾತಾ?”

“ಅಲ್ರಿ. ನನಗೇನೂ ಆಗ್ಲಿಲ್ಲಲ್ಲ ಅಂತ ಕೇಳಿದ್ರು.”

ಪೇಪರು ಕೆಳಗಿಳಿಯಿತು. ಗುರುಸಂಗಪ್ಪನವರು ಹೆಂಡತಿಯ ಕೈಗಳನ್ನು ನೋಡಿದರು, ಬಚ್ಚಲಿನ ಬಾಗಿಲನ್ನು ನೋಡಿದರು. ಎತ್ತರದ ಮಣೆ, ಒದ್ದೆ ಸೀರೆ, ಮೇಲೆತ್ತಿದ ಕೊಡ ಎಲ್ಲ ಈಗ ಅವರ ಕಣ್ಣ ಮುಂದೆ ಬಂದಂತಿತ್ತು. ಮುಖ ಬಿಳಿಚಿತು.

ಸ್ವಲ್ಪ ಹೊತ್ತಿಗೆ ನಾಗಲಿಂಗಮ್ಮ ಮುಖ ತೊಳೆಯಲು ಬಚ್ಚಲಿಗೆ ಎದ್ದರು.

“ಏ, ತಡಿ” ಅಂದರು ಗುರುಸಂಗಪ್ಪನವರು. ಪೇಪರನ್ನು ಕುರ್ಚಿಯ ಮೇಲೆ ಹಾಕಿ ಅವರಿಗಿಂತ ಮುಂದೆ ಹೋಗಿ, ಗೀಜರಿನ ಸ್ವಿಚ್ ಆರಿಸಿದರು. ನಲ್ಲಿಯನ್ನು ತಾವೇ ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು.

“ಈಗ ಹೋಗು” ಅಂದರು.